ಎಡಗಡೆಯ ಗಾಜು

ಅಕ್ಕನ ಶವಸಂಸ್ಕಾರದ ದಿನ ಗ್ಲೆನಿಸ್ ಅಷ್ಟೂ ಹೊತ್ತು ಚರ್ಚಿನ ಕಿಟಕಿಯನ್ನೇ ನೋಡುತ್ತ ಕುಳಿತಿದ್ದಳು. ಯಾರೋ ಒರಟು ಬಟ್ಟೆಯಲ್ಲಿ ಗಾಜು ಒರೆಸಿದ್ದರು. ಬಿಸಿಲು ಓರೆಯಾಗಿ ಬಿದ್ದಾಗ ಅದರ ಮೇಲೆ ಸುತ್ತುಸುತ್ತಾಗಿ ಗೀರುಗಳು ಕಾಣುತ್ತಿದ್ದವು. ಪಾದ್ರಿ ಥೆಲ್ಮಾಳ ಬಗ್ಗೆ ಒಳ್ಳೆಯ ಮಾತುಗಳನ್ನೇ ಆಡಿದರು. ಜೆರಾಲ್ಡ್‌ಟನ್ನಿನ ಶಾಲಾ ಬಸ್ಸನ್ನು ಅಷ್ಟು ವರ್ಷ ಓಡಿಸಿದವಳು, ಒಂದು ಮಗುವನ್ನೂ ರಸ್ತೆಯಲ್ಲಿ ಬಿಟ್ಟು ಹೋಗದವಳು, ನಿವೃತ್ತಿಯಾದ ಮೇಲೂ ಸುಮ್ಮನೆ ಕೂರದವಳು ಎಂದರು. ಇನ್ಯಾರದೋ ಅಕ್ಕನ ವಿಷಯ ಕೇಳಿದ ಹಾಗೆ ಗ್ಲೆನಿಸ್ ಕೇಳಿಸಿಕೊಂಡಳು. ಆಮೇಲೆ ಬಂದವರಿಗೆಲ್ಲ ಕೈ ಕೊಟ್ಟಳು, ತಟ್ಟೆಗೆ ಹಾಕಿದ್ದನ್ನು ತಿಂದಳು, ಮಧ್ಯಾಹ್ನ ಕೆಲಸಕ್ಕೆ ಹೋದಳು.

ಟೈರ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳ ಕೆಲಸ. ಶೆಡ್ಡು ಡ್ಯಾರಲ್‌ನದು. ನಜ್ಜುಗುಜ್ಜಾದ ಬಾಗಿಲು, ಬಾನೆಟ್ ತಟ್ಟಿ ಸರಿಮಾಡುವುದು ಅವನ ಪಾಲು. ಗಾಜು ಗ್ಲೆನಿಸ್ ಪಾಲು. ಪರ್ತ್‌ನಿಂದ ಉತ್ತರಕ್ಕೆ, ಕಡಲ ದಂಡೆಯ ಆ ಊರಿನಲ್ಲಿ ಗಾಜಿನ ಕೆಲಸಕ್ಕೆ ಬರವಿಲ್ಲ. ಹುಲ್ಲುಹಾಸಿಗೆಲ್ಲ ಬೋರ್ ನೀರು ಹಾರಿಸುತ್ತಾರೆ, ಆ ನೀರಲ್ಲಿ ಸುಣ್ಣ ತುಂಬಿದೆ, ಗಾಳಿ ಅದನ್ನು ಪಕ್ಕದಲ್ಲಿ ನಿಂತ ಕಾರುಗಳ ಮೇಲೆ ಎರಚುತ್ತದೆ, ಬಿಸಿಲು ಅಲ್ಲೇ ಒಣಗಿಸುತ್ತದೆ. ಹೊಸ ಕಲೆಯಾದರೆ ವಿನೆಗರ್ ಹಾಕಿ ಉಜ್ಜಿದರೆ ಹೋದೀತು. ಹಳೆಯದು ಗಾಜನ್ನೇ ಕಚ್ಚಿಕೊಂಡಿರುತ್ತದೆ. ಅದಕ್ಕೆ ಗುಲಾಬಿ ಬಣ್ಣದ ಪುಡಿ ಬೇಕು, ಮೆಷಿನ್ ಬೇಕು, ತಾಳ್ಮೆಯೂ ಬೇಕು.

"ಇವತ್ತೂ ಬಂದ್ಯಾ?" ಎಂದ ಡ್ಯಾರಲ್. "ಮನೆಗೆ ಹೋಗು ಕಣೇ ಗ್ಲೆನ್."

"ಮನೇಲಿ ಏನಿದೆ?"

"ಅಳೋಕೆ ಜಾಗ ಆದ್ರೂ ಇರುತ್ತಲ್ಲ."

"ಅಳು ಬಂದ್ರೆ ತಾನೆ," ಎಂದು ಅವಳು ಮೇಲಂಗಿ ಕಟ್ಟಿಕೊಂಡಳು.

ಅಕ್ಕತಂಗಿಯರು ಮಾತು ಬಿಟ್ಟು ಏಳು ವರ್ಷದ ಮೇಲಾಗಿತ್ತು. ಕಾರಣ ಕೇಳಿದರೆ ನಗು ಬರುವಂಥದ್ದು. ಅಮ್ಮ ತೀರಿಕೊಂಡಾಗ ಅವಳ ಮುದಿ ನಾಯಿ ಟಿಂಕರ್ ಒಂದು ಉಳಿದಿತ್ತು. ಅದಕ್ಕೆ ಹಿಂಗಾಲು ಸೋತಿತ್ತು, ಅಮ್ಮ ಹೋದ ಮೇಲೆ ಊಟ ಮುಟ್ಟುತ್ತಿರಲಿಲ್ಲ. ಅಮ್ಮನನ್ನು ಮಣ್ಣು ಮಾಡಿದ ಮಾರನೆಯ ದಿನವೇ ಥೆಲ್ಮಾ ನಾಯಿಯನ್ನು ಪಶುವೈದ್ಯರ ಹತ್ತಿರ ಕರೆದೊಯ್ದು, ಸೂಜಿ ಚುಚ್ಚಿಸಿ ಸಾಯಿಸಿ ಬಂದಳು. ತಂಗಿಯನ್ನು ಒಂದು ಮಾತೂ ಕೇಳಲಿಲ್ಲ. ನಾನು ಇಟ್ಟುಕೊಳ್ಳುತ್ತಿದ್ದೆನಲ್ಲ ಎಂದು ಗ್ಲೆನಿಸ್ ಕಿರುಚಿದಾಗ, "ನಿನ್ ಕೈಲಿ ಆಗ್ತಿರ್ಲಿಲ್ಲ ಬಿಡು," ಎಂದಳು. ಆ ಮಾತನ್ನು ಗ್ಲೆನಿಸ್ ಚಿಕ್ಕಂದಿನಿಂದ ಕೇಳಿಕೊಂಡೇ ಬಂದಿದ್ದಳು. ಈಜಲು ಹೊರಟಾಗ, ಗಂಡನನ್ನು ಬಿಟ್ಟಾಗ, ಬಿಟ್ಟ ಮೇಲೆ ಈ ಕೆಲಸಕ್ಕೆ ಸೇರಿದಾಗ. ಅಂದು ಮಾತ್ರ ತಡೆಯಲಾಗಲಿಲ್ಲ. ಆಮೇಲೆ ಸೂಪರ್‌ಮಾರ್ಕೆಟಿನಲ್ಲಿ ಒಬ್ಬಳನ್ನು ಕಂಡರೆ ಇನ್ನೊಬ್ಬಳು ಗಾಡಿ ತಿರುಗಿಸಿಕೊಂಡು ಬೇರೆ ಸಾಲಿಗೆ ಹೋಗುವುದು ರೂಢಿಯಾಯಿತು. ಚಿಕ್ಕ ಊರು. ಹೀಗೆ ತಪ್ಪಿಸಿಕೊಂಡು ತಿರುಗುವುದೂ ಒಂದು ದುಡಿಮೆಯೇ.

ಶವಸಂಸ್ಕಾರವಾಗಿ ಹತ್ತು ಹನ್ನೆರಡು ದಿನ ಕಳೆದಿರಬೇಕು, ಶೆಡ್ಡಿಗೆ ಫೋನ್ ಬಂತು.

"ನೀನೇನಾ ಗಾಜಿನ ಹುಡುಗಿ?" ಎಂದಿತು ಒಂದು ಮುದಿ ದನಿ.

ಗ್ಲೆನಿಸ್‌ಗೆ ಐವತ್ತೆಂಟು. "ಹುಡುಗಿ ಅಂತ ಕರೆಸ್ಕೊಂಡು ಬಹಳ ಕಾಲ ಆಯ್ತು. ಯಾರು ನೀವು?"

"ಕಾರ್ಮೆಲೊ. ನಿಮ್ಮಕ್ಕನ ಪಕ್ಕದ ಮನೆ. ಸಾವಿಗೆ ಬರಕ್ಕಾಗ್ಲಿಲ್ಲ, ಬೇಜಾರು ಮಾಡ್ಕೋಬೇಡ. ಅವತ್ತು ನನ್ನ ಡಯಾಲಿಸಿಸ್ ದಿನ, ಮೆಷಿನ್‌ಗೆ ಕಟ್ಟಿಹಾಕಿದ್ರು." ಒಂದು ಗಳಿಗೆ ಉಸಿರೆಳೆದುಕೊಂಡ. "ಅವಳ ಕಾರು ಇಲ್ಲೇ ನಿಂತಿದೆ. ದಿನಾ ಬೆಳಿಗ್ಗೆ ನೀರು ಕುಡೀತಾ ಇದೆ. ತಗೊಂಡು ಹೋಗ್ತೀಯೋ, ಇಲ್ಲಾ ಬೇರು ಬಿಡ್ಲಿ ಅಂತ ಬಿಟ್ಟಿದ್ದೀಯೋ?"

ಥೆಲ್ಮಾಗೆ ಗಂಡ ಮಕ್ಕಳಿರಲಿಲ್ಲ. ಇದ್ದವಳು ಗ್ಲೆನಿಸ್ ಒಬ್ಬಳೇ. ಮನೆ ಬಾಡಿಗೆಯದಾದ್ದರಿಂದ ಸಾಮಾನನ್ನು ಚರ್ಚಿನವರು ಬಂದು ಒಯ್ದಿದ್ದರು. ಕಾರಿನ ವಿಷಯ ಯಾರಿಗೂ ಹೊಳೆದಿರಲಿಲ್ಲ.

ಡ್ಯಾರಲ್ ಟ್ರಕ್ಕು ತೆಗೆದ. ಊರಿನ ಉತ್ತರಕ್ಕೆ, ವಯಸ್ಸಾದವರಿಗೆಂದು ಕಟ್ಟಿದ ಸಣ್ಣ ಸಣ್ಣ ಮನೆಗಳ ಸಾಲು ಅದು. ಮುಂದೆ ಎಲ್ಲರಿಗೂ ಸೇರಿದ ಒಂದೇ ಹುಲ್ಲುಹಾಸು, ಅದರ ಅಂಚಿಗೆ ಕಾರು ನಿಲ್ಲಿಸುವ ಜಾಗ. ಕಾರ್ಮೆಲೊ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ. ಎಂಬತ್ತರ ಹತ್ತಿರದ ಇಟಾಲಿಯನ್ ಮುದುಕ. ಒಂದು ಕಾಲದಲ್ಲಿ ಸಿಗಡಿ ದೋಣಿಯ ಯಜಮಾನ. ಈಗ ಅಂಗಿಯೊಳಗೆ ಮೈಯೇ ಇಲ್ಲವೇನೋ ಎಂಬಂತಿದ್ದ. ಮುಂಗೈ ಮೇಲೆ ಸೂಜಿ ಚುಚ್ಚಿ ಚುಚ್ಚಿ ರಕ್ತನಾಳ ಹಗ್ಗದ ಹಾಗೆ ಉಬ್ಬಿತ್ತು.

ಕಾರು ಹಳೆಯ ನೀಲಿ ಸ್ಟೇಷನ್ ವ್ಯಾಗನ್. ಮುಂದಿನ ಗಾಜಿನಲ್ಲಿ ವೈಪರ್ ಆಡುವಷ್ಟು ಜಾಗ ಬಿಟ್ಟರೆ ಉಳಿದದ್ದಕ್ಕೆಲ್ಲ ಸುಣ್ಣದ ನೀರು ಚಿಮುಕಿಸಿ ಒಣಗಿಸಿದಂತಿತ್ತು. ಹುಲ್ಲಿನ ಕಡೆಗಿದ್ದ ಎಡಗಡೆಯ ಮುಂದಿನ ಕಿಟಕಿಯಂತೂ ಮೀನಿನ ಚಿಪ್ಪು ಅಂಟಿಸಿದ ಹಾಗೆ ಬೆಳ್ಳಗಾಗಿತ್ತು.

"ಇದೇನು ಕಾರೋ, ಬಚ್ಚಲೋ?" ಎಂದು ನಕ್ಕ ಡ್ಯಾರಲ್. ಯಾರ ಕಾರೆಂದು ನೆನಪಾಗಿ ಬಾಯಿ ಮುಚ್ಚಿದ.

"ನಗಪ್ಪಾ, ನಗು," ಎಂದ ಕಾರ್ಮೆಲೊ. "ನಾನೂ ಇದನ್ನೇ ಹೇಳ್ತಿದ್ದೆ. ಅವಳೂ ನಗೋಳು. ಸೋಮವಾರ, ಬುಧವಾರ, ಶುಕ್ರವಾರ ನನ್ನನ್ನ ಆಸ್ಪತ್ರೆಗೆ ಇದ್ರಲ್ಲೇ ಕರ್ಕೊಂಡು ಹೋಗೋಳು. ನಾಲ್ಕು ವರ್ಷ. ಆ ಎಡಗಡೆ ಸೀಟು ನಂದು."

ಗ್ಲೆನಿಸ್ ಬೆರಳ ತುದಿಯಿಂದ ಗಾಜು ಮುಟ್ಟಿ ನೋಡಿದಳು. ಸಾಣೆ ಕಾಗದದಷ್ಟು ಒರಟು. "ಕಲೆ ಇಷ್ಟು ಕೂತ್ಕೊಳ್ಳೋವರೆಗೂ ಯಾಕೆ ಬಿಟ್ಲು? ಯಾರ ಹತ್ರ ಆದ್ರೂ ಕೊಡಬಹುದಿತ್ತು."

"ಕೇಳು ಮತ್ತೆ. ನಮ್ಮಳಿಯ ಪರ್ತ್‌ನಿಂದ ಬಂದಾಗ ನಾನು ಉಜ್ಜಿ ಕೊಡ್ತೀನಿ ಅಂದ. ಬೇಡ ಅಂದ್ಲು. ಪೆಟ್ರೋಲ್ ಬಂಕಿನೋನು ಕೇಳಿದ. ಅವನಿಗೂ ಬೇಡ. 'ನನ್ನ ತಂಗಿ ಇದೇ ಕೆಲ್ಸ ಮಾಡೋದು. ಈ ಊರಲ್ಲಿ ಅವಳಷ್ಟು ಚೆನ್ನಾಗಿ ಮಾಡೋರು ಯಾರೂ ಇಲ್ಲ. ಬೇರೆಯೋರು ಕೈ ಇಟ್ಟಿದ್ದು ಅವಳಿಗೆ ಗೊತ್ತಾದ್ರೆ ಏನಂದ್ಕೋತಾಳೆ' ಅನ್ನೋಳು."

ಡ್ಯಾರಲ್ ಟ್ರಕ್ಕಿನ ಹಗ್ಗ ಸರಿಮಾಡುವ ನೆಪದಲ್ಲಿ ಆಚೆ ಸರಿದ.

"ಹಾಗಾದ್ರೆ ಅವಳ ಹತ್ರಾನೇ ಹೋಗು ಮಾರಾಯ್ತಿ ಅಂತಿದ್ದೆ," ಎಂದು ಮುದುಕ ಮುಂದುವರಿಸಿದ. "ಹ್ಞೂಂ ಹೋಗ್ತೀನಿ ಅನ್ನೋಳು. ಮುಂದಿನ ವಾರ ಅನ್ನೋಳು. ಒಂದ್ಸಲ ನಿಮ್ಮ ಟೈರ್ ಅಂಗಡಿ ತನಕ ಬಂದಿದ್ವಿ. ನಾನೂ ಪಕ್ಕದಲ್ಲೇ ಇದ್ದೆ. ರಸ್ತೆ ಆಚೆ ನಿಲ್ಲಿಸಿ ಸ್ವಲ್ಪ ಹೊತ್ತು ಕೂತಿದ್ಲು. ಆಮೇಲೆ, ಇವತ್ತು ರಶ್ ಇದೆ ಅಂದ್ಲು. ಒಂದು ಕಾರೂ ಇರಲಿಲ್ಲ."

ಕಾಲು ಎಡವಿದಾಗ ನೋವು ಬರುವ ಮುಂಚೆ ಒಂದು ಕ್ಷಣ ಕಾಯುತ್ತೇವಲ್ಲ, ಗ್ಲೆನಿಸ್ ಹಾಗೆ ಕಾದಳು. ಏನೂ ಬರಲಿಲ್ಲ. ಹುಲ್ಲಿನ ಮೇಲೆ ಒಂದು ಮ್ಯಾಗ್‌ಪೈ ಹಕ್ಕಿ ಹುಳ ಎಳೆಯುತ್ತಿತ್ತು. ಅದನ್ನು ನೋಡಿದಳು.

"ಕೀ ಕೊಡಿ," ಎಂದಳು.

ಕಾರನ್ನು ಅವಳೇ ಓಡಿಸಿಕೊಂಡು ಬಂದಳು. ಥೆಲ್ಮಾ ಗಿಡ್ಡ ಹೆಂಗಸು. ಸೀಟು ಮುಂದಕ್ಕೆ ಎಳೆದೇ ಇತ್ತು. ಗ್ಲೆನಿಸ್‌ಳ ಮೊಣಕಾಲು ಸ್ಟೀರಿಂಗಿಗೆ ತಾಗುತ್ತಿತ್ತು. ಹಿಂದಕ್ಕೆ ತಳ್ಳಬಹುದಿತ್ತು. ತಳ್ಳಲಿಲ್ಲ.

ಕೆಲವು ದಿನ ಕಾರು ಶೆಡ್ಡಿನ ಮೂಲೆಯಲ್ಲಿ ಹಾಗೇ ನಿಂತಿತ್ತು. ಆಮೇಲೆ ಒಂದು ಮಧ್ಯಾಹ್ನ, ಬೇರೆ ಕೆಲಸವಿಲ್ಲದಾಗ, ಗ್ಲೆನಿಸ್ ಹಿಂದಿನ ಗಾಜಿನಿಂದ ಶುರುಮಾಡಿದಳು. ತೊಳೆದಳು, ಬ್ಲೇಡಿನಿಂದ ಮೇಲುಮೇಲಿನದು ಕೆರೆದಳು, ಸುತ್ತಲಿನ ರಬ್ಬರಿಗೆ ಟೇಪು ಹಚ್ಚಿದಳು. ಗುಲಾಬಿ ಪುಡಿಯನ್ನು ನೀರಲ್ಲಿ ಗಂಜಿಯ ಹದಕ್ಕೆ ಕಲಸಿ, ಉಣ್ಣೆಯ ದಪ್ಪ ಬಿಲ್ಲೆಗೆ ಬಳಿದು, ಮೆಷಿನ್ ಹಚ್ಚಿದಳು. ನೀರು ಚಿಮುಕಿಸಬೇಕು, ಉಜ್ಜಬೇಕು, ಅಂಗೈಯ ಹಿಂಬದಿ ಇಟ್ಟು ಬಿಸಿ ನೋಡಬೇಕು, ಒರೆಸಬೇಕು, ಬಗ್ಗಿ ನೋಡಬೇಕು, ಮತ್ತೆ ಉಜ್ಜಬೇಕು. ಕಲೆ ಒಂದೇ ಸಲಕ್ಕೆ ಹೋಗುವುದಿಲ್ಲ. ಮೊದಲು ಮಸುಕಾಗುತ್ತದೆ, ಆಮೇಲೆ ಅಂಚು ಕರಗುತ್ತದೆ, ಕೊನೆಗೆ ಎಲ್ಲಿತ್ತೆಂಬುದೇ ತಿಳಿಯುವುದಿಲ್ಲ.

ದಿನಕ್ಕೊಂದು ಗಾಜು. ಗಿರಾಕಿಗಳ ಕೆಲಸ ಮುಗಿದ ಮೇಲೆ. ಡ್ಯಾರಲ್ ಚಹಾ ತಂದಿಟ್ಟು ಹೋಗುತ್ತಿದ್ದ. ಆರಿದ ಚಹಾವನ್ನೇ ಅವಳು ಕುಡಿಯುತ್ತಿದ್ದಳು.

"ಅಷ್ಟೊಂದು ಉಜ್ಬೇಡ್ವೇ, ಗಾಜು ಸವೆದು ಆಚೆ ಕೈ ಬಂದ್ಬಿಡುತ್ತೆ," ಎಂದು ಒಮ್ಮೆ ಛೇಡಿಸಿದ.

"ಬರಲಿ."

"ಏನು ಯೋಚ್ನೆ ಮಾಡ್ತಿರ್ತೀಯ ಅಲ್ಲಿ ಬಗ್ಗಿಕೊಂಡು?"

ಗ್ಲೆನಿಸ್ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು. "ಏನೂ ಇಲ್ಲ ಕಣೋ."

ಅದು ಸುಳ್ಳಾಗಿರಲಿಲ್ಲ. ಅಕ್ಕನ ಮುಖ ನೆನಪಿಗೆ ಬರಲಿ ಎಂದು ಅವಳು ಕೆಲವೊಮ್ಮೆ ಬೇಕೆಂದೇ ಪ್ರಯತ್ನಿಸುತ್ತಿದ್ದಳು. ಬಂದರೂ ಬಸ್ಸಿನ ಕನ್ನಡಿಯಲ್ಲಿ ಕಾಣುವ ಮುಖದ ಹಾಗೆ, ಹಣೆ ಮತ್ತು ಕಣ್ಣು ಅಷ್ಟೇ. ರಾತ್ರಿ ನಿದ್ದೆಯೂ ಸರಿಯಾಗಿಯೇ ಬರುತ್ತಿತ್ತು. ಊಟ ರುಚಿಸುತ್ತಿರಲಿಲ್ಲ, ಬೇಡವೆಂದೂ ಅನಿಸುತ್ತಿರಲಿಲ್ಲ. ಎಲ್ಲರೂ, ಪಾಪ, ಹೇಗಿದ್ದೀಯಮ್ಮ ಎಂದು ಕೇಳುವಾಗ ಅವಳಿಗೆ ತಾನು ಯಾರಿಗೋ ಮೋಸ ಮಾಡುತ್ತಿರುವಂತೆ ಮುಜುಗರವಾಗುತ್ತಿತ್ತು.

ಎಡಗಡೆಯ ಮುಂದಿನ ಗಾಜನ್ನು ಕೊನೆಗೆ ಉಳಿಸಿಕೊಂಡಿದ್ದಳು. ಬಾಗಿಲಿನ ಗಾಜಾದರೆ ಮೊದಲು ಅದನ್ನು ಇಳಿಸಿ ಅಂಚಿನ ಸುತ್ತ ಉಗುರು ಓಡಿಸಿ ನೋಡುವುದು ಅವಳ ಪದ್ಧತಿ. ಅಂಚಿನಲ್ಲಿ ಎಲ್ಲಾದರೂ ಚಕ್ಕೆ ಎದ್ದಿದ್ದರೆ ಬಿಸಿಗೆ ಆ ಗಾಜು ತಾಳುವುದಿಲ್ಲ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಸದ ಆ ಕೆಲಸವನ್ನು ಆ ಮಂಗಳವಾರ ಅವಳು ಮಾಡಲಿಲ್ಲ. ಮರೆತಳೆನ್ನಲೂ ಆಗದು. ಕೈ ತಾನಾಗಿ ಮೆಷಿನ್ ಎತ್ತಿಕೊಂಡಿತು.

ನಡುವಿನ ಕಲೆ ಬೇಗ ಬಿಟ್ಟಿತು. ಮೇಲಿನ ಮೂಲೆಯದು ಮಾತ್ರ ಹಟ ಹಿಡಿದಿತ್ತು. ಗ್ಲೆನಿಸ್ ಅಲ್ಲೇ ನಿಂತಳು. ನೀರು ಚಿಮುಕಿಸುವುದನ್ನು ಬಿಟ್ಟಿದ್ದಳು, ಕೈ ಇಟ್ಟು ಬಿಸಿ ನೋಡುವುದನ್ನೂ ಬಿಟ್ಟಿದ್ದಳು. ಪುಡಿ ಒಣಗಿ ಹೊಗೆಯಂತೆ ಏಳುತ್ತಿತ್ತು. ಆಮೇಲೆ ಪಟಾಕಿ ಸಿಡಿದಂತೆ ಒಂದು ಸದ್ದು. ಗಾಜು ಇದ್ದಕ್ಕಿದ್ದಂತೆ ಗಾಜಾಗಿ ಉಳಿಯಲಿಲ್ಲ. ಕಲ್ಲುಸಕ್ಕರೆ ಸುರಿದ ಹಾಗೆ ಸೀಟಿನ ಮೇಲೆ, ಅವಳ ಬೂಟುಗಳ ಮೇಲೆ, ಸಿಮೆಂಟಿನ ಮೇಲೆ ಸುರಿಯಿತು. ಕೈಯಲ್ಲಿ ಮೆಷಿನ್ ಗಾಳಿಯಲ್ಲಿ ತಿರುಗುತ್ತಲೇ ಇತ್ತು.

ಡ್ಯಾರಲ್ ಓಡಿ ಬಂದು ಸ್ವಿಚ್ಚು ಆರಿಸಿದ. "ಕೈ ತೋರ್ಸು. ಕಣ್ಣು? ಕಣ್ಣಿಗೇನಾದ್ರೂ..."

"ಏನೂ ಆಗಿಲ್ಲ."

"ಅಂಚು ನೋಡಿರಲಿಲ್ವಾ?"

"ಇಲ್ಲ."

"ನೀನು? ನೋಡಿರಲಿಲ್ವಾ?"

"ಇಲ್ಲ ಅಂದ್ನಲ್ಲ." ಅವಳು ಖಾಲಿ ಚೌಕಟ್ಟನ್ನೇ ನೋಡುತ್ತಿದ್ದಳು. "ನನ್ ಕೈಲಿ ಆಗಲ್ಲ ಅಂತಿದ್ಲು. ಸರಿಯಾಗೇ ಹೇಳಿದ್ಲು." ಡಬ್ಬಿಯ ಮೇಲಿನ ಚೀಟಿ ಓದುವಂಥ ದನಿಯಲ್ಲಿ ಹೇಳಿದಳು.

ಡ್ಯಾರಲ್ ಹೋಗಿ ಪೊರಕೆ ತಂದ. "ಗಾಜು ಕಣೇ ಅದು," ಎಂದ. "ಒಡೆಯುತ್ತೆ." ಇಬ್ಬರೂ ಸೇರಿ ಗುಡಿಸಿದರು. ಸೀಟಿನ ಸಂದಿಯ ಚೂರುಗಳನ್ನು ಅವಳು ಕೈಯಿಂದ ಆರಿಸಿ ತೆಗೆದಳು. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಎಳೆದು ಟೇಪು ಹಚ್ಚಿ ಮನೆಗೆ ಹೋದಳು. ಆವತ್ತೂ ನಿದ್ದೆ ಬಂತು.

ಬುಧವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಷ್ಟರಲ್ಲೇ ಫೋನ್ ಬಡಿದುಕೊಳ್ಳುತ್ತಿತ್ತು.

"ನಿಮ್ಮಕ್ಕನ ಕಾರು ಓಡುತ್ತಾ?" ಎಂದ ಕಾರ್ಮೆಲೊ.

"ಓಡುತ್ತೆ. ಯಾಕೆ?"

"ಈಗ ನನ್ನ ಕರ್ಕೊಂಡು ಹೋಗೋ ಆಸ್ಪತ್ರೆ ವ್ಯಾನಿನೋನಿಗೆ ಜ್ವರವಂತೆ. ಟ್ಯಾಕ್ಸಿಯೋನು ಇನ್ನೆರಡು ಗಂಟೆ ಅಂತಾನೆ. ನನ್ನ ರಕ್ತ ಅಷ್ಟು ಹೊತ್ತು ಕಾಯಲ್ಲ ಕಣಮ್ಮ."

"ಕಾರಿಗೆ ಒಂದು ಗಾಜಿಲ್ಲ. ನಿಮ್ಮ ಕಡೇದು. ನಿನ್ನೆ ನಾನೇ ಒಡೆದೆ."

"ನಾನು ಐವತ್ತು ವರ್ಷ ಸಮುದ್ರದ ಮೇಲಿದ್ದೋನು," ಎಂದ ಮುದುಕ. "ಅಲ್ಲಿ ಯಾರೂ ಕಿಟಕಿ ಇಟ್ಟಿರಲಿಲ್ಲ. ಬಾ."

ಹೋದಳು. ಬೇಡವೆನ್ನಲು ಕಾರಣ ಹುಡುಕುವುದೂ ಒಂದು ಕೆಲಸವೆನಿಸಿತು, ಅದಕ್ಕೇ ಹೋದಳು. ಕಾರ್ಮೆಲೊ ಕಂಬಳಿ, ಚೀಲ, ರೇಡಿಯೋ ಹಿಡಿದು ನಿಂತಿದ್ದ. ಎಡಗಡೆ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡು, ಉಜ್ಜಿದ ಮುಂಗಾಜನ್ನು ಒಮ್ಮೆ, ಹಿಂದಿನ ಗಾಜನ್ನು ಒಮ್ಮೆ ನೋಡಿದ. ಆಸ್ಪತ್ರೆ ಮುಟ್ಟುವವರೆಗೂ ಕಿಟಕಿಯ ಪ್ಲಾಸ್ಟಿಕ್ ಹಾಳೆ ಪಟಪಟ ಬಡಿದುಕೊಂಡಿತು.

ಮಧ್ಯಾಹ್ನ ಕರೆತರಲು ಹೋದಾಗ ಅವನ ಮುಖ ಬೂದಿ ಬಣ್ಣವಾಗಿತ್ತು. ತೋಳಿಗೆ ದಪ್ಪ ಪಟ್ಟಿ ಸುತ್ತಿದ್ದರು. ಸೀಟಿಗೆ ಒರಗಿ ಕಂಬಳಿ ಗದ್ದದವರೆಗೆ ಎಳೆದುಕೊಂಡ. ಆ ಹೊತ್ತಿಗೆ ದಕ್ಷಿಣದ ಗಾಳಿ ಎದ್ದಿತ್ತು. ರಸ್ತೆ ಸಮುದ್ರದ ಮಗ್ಗುಲಿಗೇ ಬರುವ ಕಡೆ ಪ್ಲಾಸ್ಟಿಕ್‌ನ ಒಂದು ಮೂಲೆ ಬಿಟ್ಟುಕೊಂಡು ಹೊಡೆದುಕೊಳ್ಳತೊಡಗಿತು.

"ಅದನ್ನ ಕಿತ್ತು ಹಾಕು. ಬಾಯಿ ಮುಚ್ಚೋ ಜಾತಿ ಅಲ್ಲ ಅದು."

"ಗಾಳಿ ಬರುತ್ತೆ. ನಿಮಗೆ ಚಳಿ."

"ಚಳಿ ಹೆಂಗೂ ಇದೆ. ಕೀಳು."

ಗ್ಲೆನಿಸ್ ಕಾರು ನಿಲ್ಲಿಸಿ, ಸುತ್ತಿಕೊಂಡು ಬಂದು ಹಾಳೆ ಕಿತ್ತಳು. ಗಾಳಿ ಮರಳನ್ನೂ ಉಪ್ಪನ್ನೂ ಹೊತ್ತು ಒಳಗೆ ನುಗ್ಗಿತು. ಕಾರ್ಮೆಲೊ ಕಣ್ಣು ಕಿರಿದು ಮಾಡಿಕೊಂಡು ಆ ಕಡೆ ನೋಡಿದ. ನೀರಿನ ಮೇಲೆಲ್ಲ ಬಿಳಿ ನೊರೆ, ದೂರದಲ್ಲಿ ಒಂದು ದೋಣಿ ಮೂತಿ ಎತ್ತಿ ಎತ್ತಿ ಬಂದರಿನ ಕಡೆ ಬರುತ್ತಿತ್ತು.

"ಯಾವನೋ ಇವನು, ಇಷ್ಟು ತಡ ಮಾಡ್ಕೊಂಡ," ಎಂದು ಗೊಣಗಿದ. ಆಮೇಲೆ, "ಗೊತ್ತಾ, ಹೋಗುವಾಗ ನನ್ನ ಕಡೆ ಬರೀ ಮರಳು ದಿಬ್ಬ. ಬರುವಾಗಲೇ ಸಮುದ್ರ. ಅಷ್ಟು ಹೊತ್ತಿಗೆ ನಂಗೆ ಮೈ ನಡುಗ್ತಿರುತ್ತೆ, ಗಾಜು ಇಳಿಸಂಗಿಲ್ಲ. ಆ ಗಾಜಲ್ಲಿ ನೋಡಿದ್ರೆ ಹಾಲಲ್ಲಿ ನೋಡಿದ ಹಾಗೆ. ಗಾಳಿ ಹೆಂಗಿದೆ ಥೆಲ್ಮಾ ಅಂತ ಕೇಳ್ತಿದ್ದೆ. ಅವಳು ತನ್ನ ಕಡೆಯಿಂದ ಕತ್ತು ಉದ್ದ ಮಾಡಿ ನೋಡಿ ಹೇಳೋಳು. ದೋಣಿ ಎಷ್ಟಿದೆ, ಯಾವ ಕಡೆ ಹೋಗ್ತಿದೆ. ಅರ್ಧ ಸುಳ್ಳು. ಅವಳಿಗೆ ದೋಣಿ ಯಾವ್ದು, ತೇಲೋ ಡಬ್ಬಿ ಯಾವ್ದು ಗೊತ್ತಾಗ್ತಿರಲಿಲ್ಲ."

ಗ್ಲೆನಿಸ್ ಸ್ಟೀರಿಂಗ್ ಮೇಲೆ ಕೈ ಇಟ್ಟು ಕುಳಿತಿದ್ದಳು.

"ಅವತ್ತು ಬೆಳಿಗ್ಗೆ ಹಾರ್ನ್ ಬರಲಿಲ್ಲ," ಎಂದ ಮುದುಕ. "ಆರಕ್ಕೆ ಸರಿಯಾಗಿ ಎರಡು ಸಲ ಹೊಡೆಯೋಳು, ಪಕ್ಕದ ಮನೆಯಾದ್ರೂ. ಬಸ್ಸಿನ ಅಭ್ಯಾಸ. ಬರಲಿಲ್ಲ ಅಂತ ನಾನೇ ಹೋದೆ. ಅಡುಗೆಮನೆಲಿ ನೆಲದ ಮೇಲಿದ್ಲು. ಶೂ ಹಾಕ್ಕೊಂಡಿದ್ಲು, ಕೀ ಕೈಯಲ್ಲಿತ್ತು. ಮುಖ ಏನೂ ಕೆಟ್ಟಿರಲಿಲ್ಲ. ನಿಂಗೆ ಹೇಳ್ಬೇಕು ಅನ್ನಿಸ್ತು."

"ಹ್ಞೂಂ."

"ಆ ನಾಯಿ ವಿಷ್ಯನೂ ಗೊತ್ತು ನಂಗೆ."

ಗ್ಲೆನಿಸ್ ಅವನ ಕಡೆ ತಿರುಗಿದಳು. "ಅದನ್ನೂ ಹೇಳಿದ್ಲಾ?"

"ಒಂದ್ಸಲವಾ? ಸಾಕಪ್ಪ ಅನ್ನೋಷ್ಟು ಸಲ. ಅಷ್ಟೂ ಸಲ ಅವಳೇ ಸರಿ."

"ನೀವೇನಂತಿದ್ರಿ?"

"ನಾನು ಅವಳ ಕಾರಲ್ಲಿ ಕೂತಿರ್ತಿದ್ದೆ ಕಣಮ್ಮ," ಎಂದ ಕಾರ್ಮೆಲೊ. "ಹೌದು ಥೆಲ್ಮಾ, ನೀನೇ ಸರಿ ಅಂತಿದ್ದೆ. ಇಳಿಸಿ ಹೋದ್ರೆ ನನ್ನ ಗತಿ?"

ಗ್ಲೆನಿಸ್‌ಳ ಗಂಟಲಿಂದ ಒಂದು ಸದ್ದು ಬಂತು. ನಗುವಿನಂತಿತ್ತು. ಅವಳು ಕಾರು ಚಾಲೂ ಮಾಡಿದಳು.

ಆ ವಾರವೇ ಹಳೇ ಕಾರುಗಳ ಗುಜರಿಗೆ ಹೋಗಿ ಅದೇ ಮಾದರಿಯ ಎಡಬಾಗಿಲಿನ ಗಾಜು ಹುಡುಕಿ ತಂದಳು. ಅದಕ್ಕೂ ಬೇರೆ ಯಾರದೋ ಮನೆಯ ಬೋರ್ ನೀರಿನ ಕಲೆಯಿತ್ತು. ಈ ಸಲ ಅಂಚು ನೋಡಿದಳು, ನೀರು ಹಾಕಿದಳು, ಮುಟ್ಟಿ ಮುಟ್ಟಿ ನೋಡಿ ಉಜ್ಜಿದಳು. ಡ್ಯಾರಲ್ ಬಾಗಿಲಿಗೆ ಕೂರಿಸಿಕೊಟ್ಟ. ವ್ಯಾನಿನವನ ಜ್ವರ ಬಿಟ್ಟಿತ್ತು. ಆದರೂ ಶುಕ್ರವಾರ ಕಾರ್ಮೆಲೊ ಚೀಲ ಹಿಡಿದು ಬಾಗಿಲಲ್ಲಿ ಕಾದಿದ್ದ, ಗ್ಲೆನಿಸ್ ಹೋಗಿದ್ದಳು. ಇಬ್ಬರೂ ಅದರ ಬಗ್ಗೆ ಮಾತಾಡಿಕೊಂಡಿರಲಿಲ್ಲ.

"ವಾರಕ್ಕೆ ಮೂರು ದಿನ ಅರ್ಧರ್ಧ ಹೊತ್ತು ಮಾಯ ಆಗ್ತೀಯ," ಎಂದ ಡ್ಯಾರಲ್. "ನಾನೇನು ಗಿರಾಕಿಗಳಿಗೆ ನಾಲಿಗೇಲಿ ಗಾಜು ನೆಕ್ಕಿ ಕೊಡ್ಲಾ?"

"ನಿನ್ನ ನಾಲಿಗೆ ತಾಗಿದ್ರೆ ಗಾಜಿಗೆ ಗೀರು ಬೀಳುತ್ತೆ. ಬೇಡ. ಸಂಜೆ ಕೂತ್ಕೊಂಡು ಮುಗಿಸ್ತೀನಿ."

ಹೀಗೆ ಜೂನ್ ಬಂತು, ಆ ಸೀಮೆಯ ಚಳಿಗಾಲ. ಗ್ಲೆನಿಸ್‌ಗೆ ಒಳಗೆ ಏನೂ ಬದಲಾದಂತೆ ಕಾಣಲಿಲ್ಲ. ಕಾರ್ಮೆಲೊ ಕಿಟಕಿಯಾಚೆ ನೋಡುತ್ತ ದೋಣಿಗಳಿಗೂ ಅವುಗಳ ಯಜಮಾನರಿಗೂ ಬೈಯುತ್ತಿದ್ದ. ಅವಳು ಹ್ಞೂಂ ಎನ್ನುತ್ತ ಓಡಿಸುತ್ತಿದ್ದಳು. ನಡುನಡುವೆ ಥೆಲ್ಮಾಳ ಮಾತು ಬರುತ್ತಿತ್ತು. ಕಾರನ್ನೂ ಬಸ್ಸಿನ ಹಾಗೆ ಅಗಲವಾಗಿ ತಿರುಗಿಸುತ್ತಿದ್ದಳಂತೆ. ಹಾಡು ಬರದಿದ್ದರೂ ಹಾಡುತ್ತಿದ್ದಳು. ಪರಿಚಯದ ಮಗು ಕಂಡರೆ, ಅದಕ್ಕೀಗ ಮೂವತ್ತು ವರ್ಷವಾಗಿದ್ದರೂ, ಕಾರು ನಿಲ್ಲಿಸಿ ಶಾಲೆ ಹೇಗಿದೆ ಎಂದು ಕೇಳುತ್ತಿದ್ದಳು. ಗ್ಲೆನಿಸ್ ಇವನ್ನೆಲ್ಲ ಕೇಳಿ ಪಕ್ಕಕ್ಕಿಡುತ್ತಿದ್ದಳು.

ಒಂದು ಸೋಮವಾರ ವಾಪಸು ಬರುವಾಗ ರೈಲ್ವೆ ಗೇಟು ಬಿತ್ತು. ಬಂದರಿಗೆ ಗೋಧಿ ಹೊತ್ತ ಉದ್ದನೆಯ ಗೂಡ್ಸು. ಕಾರ್ಮೆಲೊ ಬಾಯಿ ತೆರೆದು ನಿದ್ದೆ ಹೋಗಿದ್ದ. ಡಬ್ಬಿಗಳು ಒಂದರ ಹಿಂದೊಂದು ಗಡಗಡ ಸಾಗುತ್ತಿದ್ದವು. ಗ್ಲೆನಿಸ್ ಯಾವುದನ್ನೂ ನೆನೆಯುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಬಾಯಿಂದ ಮಾತು ಬಂತು.

"ಒಳಗೆ ಬರಬಹುದಿತ್ತಲ್ವಾ ನೀನು."

ತನ್ನ ದನಿಗೆ ತಾನೇ ಬೆಚ್ಚಿದಳು. ಎದೆಯಲ್ಲಿ ಏನೋ ಬಿಸಿಯಾಗಿ ಏರುತ್ತಿತ್ತು.

"ಏನಂದೆ?" ಎಂದ ಮುದುಕ ಕಣ್ಣು ಬಿಡದೆ. "ರೈಲಿನ ಗಲಾಟೆಲಿ ಕೇಳಿಸ್ಲಿಲ್ಲ. ಜೋರಾಗಿ ಹೇಳು."

"ಒಳಗೆ ಬರಬಹುದಿತ್ತು!" ಗ್ಲೆನಿಸ್ ಕಿರುಚಿದಳು. "ರಸ್ತೆ ಆಚೆ ಕೂತ್ಕೊಂಡು ನೋಡೋದಲ್ಲ! ಒಂದು ರಸ್ತೆ! ಕಾರು ತಂದು ನಿಲ್ಸಿದ್ರೆ ನಾನೇನು ಬೇಡ ಅಂತಿದ್ನಾ? ಮಾತೂ ಆಡ್ಬೇಕಾಗಿರಲಿಲ್ಲ. ಕೀ ಕೊಟ್ಟು ಹೋಗಿದ್ರೆ ಸಾಕಿತ್ತು. ಸಂಜೆ ಬಂದು ತಗೊಂಡು ಹೋಗಿದ್ರೆ ಸಾಕಿತ್ತು. ಊರಿಗೆಲ್ಲ ನನ್ನ ಹೊಗಳ್ಕೊಂಡು ತಿರುಗ್ತೀಯ, ನನ್ನ ಮುಂದೆ ಒಂದ್ಸಲ... ಹಟಮಾರಿ! ಹಟಮಾರಿ ಹೆಂಗ್ಸು!" ಅಂಗೈಯಿಂದ ಸ್ಟೀರಿಂಗಿಗೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಹಾರ್ನ್ ಆಯಿತು.

"ಹೇಳು, ಹೇಳು," ಎಂದ ಕಾರ್ಮೆಲೊ. "ಅವಳಿಗೆ ಅಷ್ಟು ಬೇಕಿತ್ತು. ನನಗೆ ಧೈರ್ಯ ಇರಲಿಲ್ಲ."

"ನಾನೂ ಹೋಗಿದ್ದೆ," ಎಂದಳು ಗ್ಲೆನಿಸ್, ದನಿ ಇಳಿದು. "ಅವಳ ಮನೆಗೆ. ಒಂದು ಕ್ರಿಸ್‌ಮಸ್‌ಗೆ. ಹುಲ್ಲಿನ ತನಕ ಹೋಗಿ ವಾಪಸ್ ಬಂದೆ."

"ಗೊತ್ತು."

"ಹೇಗೆ?"

"ನಾನು ಇಡೀ ದಿನ ಬಾಗಿಲ ಮುಂದೆ ಕೂತಿರೋನು. ಯಾರೋ ಎತ್ತರದ ಹೆಂಗ್ಸು ಡಬ್ಬಿ ಹಿಡ್ಕೊಂಡು ಬಂದು ತಿರುಗಿ ಹೋದ್ಲು. ಥೆಲ್ಮಾಗೆ ಹೇಳ್ದೆ. ಹಾಗೋ ಅಂದ್ಲು. ಆ ದಿನ ನಂಗೆ ಊಟಕ್ಕೆ ಕೊಡೋದನ್ನೇ ಮರೆತ್ಲು."

ಕೊನೆಯ ಡಬ್ಬಿ ದಾಟಿತು. ಗೇಟು ಎದ್ದಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಗ್ಲೆನಿಸ್‌ಳ ಕೆನ್ನೆ ಸುಡುತ್ತಿತ್ತು. ಗೇರು ಹಾಕಿದಳು. ಮುದುಕನ ಮನೆ ಮುಟ್ಟುವ ಹೊತ್ತಿಗೆ ಆ ಬಿಸಿ ಪೂರ್ತಿ ಆರಿತ್ತು. ಅವನನ್ನು ಇಳಿಸಿ, ಕಂಬಳಿ ಮಡಚಿ ಕೊಟ್ಟು, ಶೆಡ್ಡಿಗೆ ಹೋಗಿ ಡೆಂಟಿಸ್ಟ್ ಒಬ್ಬರ ಕಾರಿನ ಗಾಜು ಮುಗಿಸಿದಳು.

ಆಗಸ್ಟ್‌ನಲ್ಲಿ ಕಾರ್ಮೆಲೊನ ಮಗಳು ಬಂದು ಅವನನ್ನು ಪರ್ತ್‌ಗೆ ಕರೆದೊಯ್ದಳು. ಅಲ್ಲಿ ಮನೆಯ ಹತ್ತಿರವೇ ದೊಡ್ಡ ಆಸ್ಪತ್ರೆಯಿತ್ತು. ಅವನಿಗೆ ಹೋಗುವ ಮನಸ್ಸಿರಲಿಲ್ಲ, ಬೇಡವೆನ್ನುವ ಶಕ್ತಿಯೂ ಇರಲಿಲ್ಲ. ಹೊರಡುವಾಗ ಗ್ಲೆನಿಸ್‌ಳ ಕೈ ಹಿಡಿದುಕೊಂಡು, "ನಿಮ್ಮಕ್ಕನಿಗಿಂತ ಚೆನ್ನಾಗಿ ಓಡಿಸ್ತೀಯ," ಎಂದ. ಆಮೇಲೆ ಆಚೀಚೆ ನೋಡಿ, "ಅವಳು ಕೇಳಿಸ್ಕೊಂಡಿದ್ರೆ ನನ್ನ ಕೊಂದುಬಿಡ್ತಿದ್ಲು," ಎಂದ. ವಸಂತ ಮುಗಿಯುವ ಮುಂಚೆ ಅವನು ತೀರಿಕೊಂಡ ಸುದ್ದಿ ಮಗಳಿಂದ ಬಂತು. ಗ್ಲೆನಿಸ್ ಫೋನ್ ಇಟ್ಟು ಡ್ಯಾರಲ್‌ಗೆ ಹೇಳಿದಳು. ಡ್ಯಾರಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಏನು ಮಾಡುವುದೆಂದು ತಿಳಿಯದೆ ಮತ್ತೆ ಹಾಕಿಕೊಂಡ.

ಕಾರ್ಮೆಲೊ ಊರು ಬಿಟ್ಟ ಮೇಲೂ ಸೋಮವಾರ, ಬುಧವಾರ, ಶುಕ್ರವಾರ ಬೆಳಕು ಹರಿಯುವ ಮುಂಚೆಯೇ ಅವಳಿಗೆ ಎಚ್ಚರವಾಗುತ್ತಿತ್ತು. ಎದ್ದು ಮೇಜಿನ ಮುಂದೆ ಸುಮ್ಮನೆ ಕೂರುತ್ತಿದ್ದಳು. ಕೆಲವು ವಾರ ಹೀಗೆ ಕೂತು, ಒಂದು ದಿನ ತಾನೇ ಆಸ್ಪತ್ರೆಗೆ ಹೋಗಿ, ಕರೆತರಬೇಕಾದವರು ಯಾರಾದರೂ ಇದ್ದಾರೆಯೇ ಎಂದು ಅಲ್ಲಿನ ನರ್ಸನ್ನು ಕೇಳಿದಳು. ಇದ್ದರು. ಡಲ್ಸಿ ಎಂಬ ಹೆಂಗಸು, ರೈಲು ಹಳಿಯ ಆಚೆ ಮನೆ, ದಪ್ಪ ಮೈ, ಎರಡು ಕೋಲು.

ಮೊದಲ ದಿನ ಡಲ್ಸಿ ಕೋಲುಗಳನ್ನು ಹಿಂದಿನ ಸೀಟಿಗೆಸೆದು, ಉಸ್ಸೆನ್ನುತ್ತ ಒಳಗೆ ಕೂತು, ಗ್ಲೆನಿಸ್‌ಳನ್ನು ಮೇಲಿಂದ ಕೆಳಗೆ ನೋಡಿದಳು.

"ನೀನು ಥೆಲ್ಮಾ ತಂಗಿನಾ? ನನ್ನ ಮಕ್ಕಳೆಲ್ಲ ಅವಳ ಬಸ್ಸಲ್ಲೇ ಹೋಗಿದ್ದು."

"ಹೌದು."

"ಮುಖದಲ್ಲಿ ಒಂಚೂರೂ ಹೋಲಿಕೆ ಇಲ್ವಲ್ಲ."

"ಇಲ್ಲ."

"ಮಾತು ಕಡಿಮೆನಾ ನಿಂದು?"

"ಕಡಿಮೆ."

"ಒಳ್ಳೇದಾಯ್ತು," ಎಂದಳು ಡಲ್ಸಿ, ಬೆಲ್ಟನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತ. "ಆಡೋದು ನಾನು ನೋಡ್ಕೋತೀನಿ. ನೀನು ಓಡ್ಸು."

ಗ್ಲೆನಿಸ್ ಓಡಿಸಿದಳು.